ಸಮಾಧಿಯ ಮೇಲಿನ ಹೆಸರೂ ಜನಗಣತಿಯಲ್ಲಿರುವ ಹೆಸರೂ ಒಬ್ಬರದೇ ಆಗಿರಬೇಕೆ?

ಪ್ರಶ್ನೆ: ನನಗೆ 58 ವರ್ಷ, ಬೆಂಗಳೂರಿನಲ್ಲಿದ್ದೇನೆ. ನನ್ನ ತಾಯಿಯ ತಾಯಿ 1903ರಲ್ಲಿ ಕೆಜಿಎಫ್‌ನಲ್ಲಿ ಹುಟ್ಟಿದವರು. ಅವರ ತಂದೆ ಇಂಗ್ಲೆಂಡಿನ ಕಾರ್ನ್‌ವಾಲ್‌ನವರೆಂದೂ, ‘ಕ್ಯಾಪ್ಟನ್’ ಆಗಿದ್ದರೆಂದೂ, 1890ರ ದಶಕದಲ್ಲಿ ಬಂದವರು ಮತ್ತೆ ಊರಿಗೆ ಹೋಗಲೇ ಇಲ್ಲವೆಂದೂ, 1907ರಲ್ಲಿ ಗಣಿಯೊಳಗೆ ಬಂಡೆ ಸಿಡಿದು ತೀರಿಕೊಂಡರೆಂದೂ ಮನೆಯಲ್ಲಿ ಹೇಳುತ್ತಾರೆ. ಮುತ್ತಜ್ಜಿ ಕೆಜಿಎಫ್‌ನವರೇ. ಬ್ರಿಟಿಷ್ ಸೇನೆಯ ದಾಖಲೆಗಳಲ್ಲಿ ಹುಡುಕಿದೆ, ಮುತ್ತಜ್ಜನ ಹೆಸರು ಸಿಗಲಿಲ್ಲ. ಆದರೆ 1901ರ ಬ್ರಿಟನ್ ಜನಗಣತಿಯ ಸೂಚಿಯಲ್ಲಿ ಅದೇ ಹೆಸರಿನ, ಕ್ಯಾಂಬೋರ್ನ್ ಊರಿನ, 36 ವರ್ಷದ ತವರದ ಗಣಿ ಕೆಲಸಗಾರರೊಬ್ಬರು ಹೆಂಡತಿ ಮತ್ತು ಮೂವರು ಮಕ್ಕಳ ಜೊತೆ ಇರುವುದು ಕಂಡಿತು. ಕೆಜಿಎಫ್‌ನ ಸಮಾಧಿ ಕಲ್ಲಿನಲ್ಲಿ ವಯಸ್ಸು ನಲವತ್ತರ ಮೇಲೆ ಎಂಬುದಷ್ಟೇ ಉಳಿದಿದೆ, ಎರಡನೇ ಅಂಕಿ ಒಡೆದುಹೋಗಿದೆ. ಲೆಕ್ಕ ಹಾಕಿದರೆ ಹೊಂದುತ್ತದೆ. ಹಾಗಾದರೆ ಅವರಿಗೆ ಅಲ್ಲೊಂದು ಸಂಸಾರ ಇತ್ತೇ? ಒಬ್ಬರು 1901ರ ಕೋಲಾರ ಜಿಲ್ಲೆಯ ಜನಗಣತಿ ಪಟ್ಟಿಯನ್ನು ಹೆಸರು ಸಮೇತ ತೆಗೆಸಿಕೊಡುತ್ತೇನೆಂದು ಮುಂಗಡ ಹಣ ಕೇಳುತ್ತಿದ್ದಾರೆ. ಕೊಡಬಹುದೇ? ನನ್ನ ತಾಯಿಗೆ 86 ವರ್ಷ. ಅವರಿಗೆ ಇದನ್ನು ಹೇಗೆ ಹೇಳಲಿ? (ಹೆಸರುಗಳು ಬೇಡ.)

ಉತ್ತರ: ನಿಮ್ಮ ಪತ್ರವನ್ನೂ ಅದರ ಜೊತೆ ಕಳಿಸಿದ ಸಮಾಧಿಯ ಫೋಟೊವನ್ನೂ ಹಲವು ಸಲ ನೋಡಿದೆ. ನೀವು ಕೇಳಿರುವುದು ದಾಖಲೆಗಳ ಬಗ್ಗೆ, ಆದರೆ ನಿಮ್ಮನ್ನು ಕಾಡುತ್ತಿರುವುದು ಮುತ್ತಜ್ಜಿಗೆ ಮೋಸವಾಯಿತೇ ಎಂಬ ಸಂಕಟ ಎಂದು ನನಗೆ ಅರ್ಥವಾಗಿದೆ. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸದ್ಯಕ್ಕೆ ನಿಮ್ಮ ಕೈಯಲ್ಲಿರುವುದು ಒಂದೇ ಬಗೆಯ ಎರಡು ಹೆಸರುಗಳು ಮತ್ತು ಅರ್ಧ ಅಳಿಸಿಹೋದ ಒಂದು ವಯಸ್ಸು ಮಾತ್ರ, ಇಷ್ಟನ್ನೇ ನಂಬಿಕೊಂಡು ಯಾರ ದಾಂಪತ್ಯದ ಬಗ್ಗೆಯೂ ತೀರ್ಪು ಕೊಡಲು ಬರುವುದಿಲ್ಲ. ಸಮಾಧಿ ಕಲ್ಲಿನ ಪ್ರಕಾರ ಅವರು ನಲವತ್ತರಿಂದ ನಲವತ್ತೊಂಬತ್ತರ ನಡುವೆ ತೀರಿಕೊಂಡರು ಎಂದರೆ, 1901ರ ವಸಂತದಲ್ಲಿ 33ರಿಂದ 44 ವರ್ಷದವರೆಗಿನ ಯಾವ ಗಂಡಸಾದರೂ ಆ ಲೆಕ್ಕಕ್ಕೆ ಹೊಂದುತ್ತಾರೆ. ಕಾರ್ನ್‌ವಾಲ್‌ನ ಗಣಿ ಊರುಗಳಲ್ಲಿ ಹೆಸರುಗಳು ಕೆಲವೇ ಕೆಲವು. ತಾತನ ಹೆಸರು ಮೊಮ್ಮಗನಿಗೆ, ಚಿಕ್ಕಪ್ಪನ ಹೆಸರು ಅಣ್ಣನ ಮಗನಿಗೆ ಬರುತ್ತಲೇ ಇರುತ್ತದೆ. ಒಂದೇ ಹೆಸರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ, ಒಂದೇ ಕಸುಬಿನ ಇಬ್ಬರು ಮೂವರು ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಒಂದೇ ಚರ್ಚಿನ ವ್ಯಾಪ್ತಿಯ ಊರಿನಲ್ಲಿ ಸಿಗುವುದು ಅಲ್ಲಿ ಅಪರೂಪವಲ್ಲ.

ಮುಂಗಡ ಹಣ ಕೇಳಿದವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಅವರು ಕೊಡುತ್ತೇನೆಂದ ಪಟ್ಟಿ ಇಲ್ಲ. ಹಳೇ ಮೈಸೂರಿನ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದ ಜನಗಣತಿ ನಮ್ಮಲ್ಲಿ 1871ರಿಂದಲೂ ನಡೆದಿದೆ, ಮನೆಮನೆಗೆ ಹೋಗಿ ಎಣಿಸಿದ್ದೂ ನಿಜ. ಆದರೆ ಮನೆಯವರ ವಿವರ ಬರೆದುಕೊಂಡ ಹಾಳೆಗಳನ್ನು ಕೋಷ್ಟಕಗಳು ಸಿದ್ಧವಾದ ಮೇಲೆ ಉಳಿಸಿಕೊಳ್ಳುತ್ತಿರಲಿಲ್ಲ. ಉಳಿದದ್ದು ಮುದ್ರಿತ ವರದಿಗಳು, ಅವುಗಳಲ್ಲಿರುವುದು ಅಂಕಿಗಳು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದದ್ದು, ನಡುವೆ ಬಂದ ಮಹಾ ಕ್ಷಾಮದಿಂದಾಗಿ 1881ಕ್ಕೆ 42 ಲಕ್ಷದ ಒಳಗೆ ಇಳಿದದ್ದು ಆ ವರದಿಗಳಿಂದ ತಿಳಿಯುತ್ತದೆ. 1891ರಲ್ಲಿ 7 ಸಾವಿರದಷ್ಟಿದ್ದ ಕೆಜಿಎಫ್ 1901ಕ್ಕೆ 38 ಸಾವಿರ ದಾಟಿದ್ದೂ ತಿಳಿಯುತ್ತದೆ. ಆ 38 ಸಾವಿರದಲ್ಲಿ ನಿಮ್ಮ ಮುತ್ತಜ್ಜನೂ ಒಬ್ಬರಾಗಿದ್ದರೇ ಎಂಬುದು ಮಾತ್ರ ತಿಳಿಯುವುದಿಲ್ಲ. ಸ್ವಾತಂತ್ರ್ಯಾನಂತರದ ಗಣತಿಗಳ ವೈಯಕ್ತಿಕ ವಿವರಗಳನ್ನಂತೂ 1948ರ ಜನಗಣತಿ ಕಾಯ್ದೆಯೇ ಗೋಪ್ಯವೆಂದು ಕಾಪಾಡುತ್ತದೆ, ಅವುಗಳನ್ನು ಯಾರಿಗೂ ತೋರಿಸುವಂತಿಲ್ಲ. ಹೀಗಾಗಿ ಭಾರತದಲ್ಲಿ ಪೂರ್ವಿಕರನ್ನು ಹೆಸರು ಹಿಡಿದು ಹುಡುಕಲು ಜನಗಣತಿ ನೆರವಾಗುವುದಿಲ್ಲ, ಇಲ್ಲಿ ನಮಗೆ ಆಸರೆಯಾಗುವುದು ಚರ್ಚುಗಳ ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಮದುವೆ ಮತ್ತು ಸಮಾಧಿಯ ರಿಜಿಸ್ಟರುಗಳು.

ಸೇನೆಯ ದಾಖಲೆಗಳಲ್ಲಿ ಹೆಸರು ಸಿಗದಿದ್ದಕ್ಕೂ ಕಾರಣವಿದೆ. ಕಾರ್ನ್‌ವಾಲ್‌ನ ತವರ ಮತ್ತು ತಾಮ್ರದ ಗಣಿಗಳಲ್ಲಿ ಕೆಲಸದ ಉಸ್ತುವಾರಿ ನೋಡಿಕೊಳ್ಳುವ ಅನುಭವಿಯನ್ನು ‘ಕ್ಯಾಪ್ಟನ್’ ಎಂದೇ ಕರೆಯುತ್ತಿದ್ದರು, ಅವರೊಂದಿಗೇ ಆ ಮಾತು ಕೋಲಾರಕ್ಕೂ ಬಂತು. ಅದು ಗಣಿಯ ಹುದ್ದೆ, ಸೇನೆಗೂ ಅದಕ್ಕೂ ಸಂಬಂಧವಿಲ್ಲ. ಕಾರ್ನ್‌ವಾಲ್‌ನ ತಾಮ್ರದ ಗಣಿಗಳು 1860ರ ದಶಕದಲ್ಲಿ ಕುಸಿದು, ಮುಂದೆ ತವರದ ಬೆಲೆಯೂ ಬಿದ್ದಾಗ ಅಲ್ಲಿನ ಜನ ಆಸ್ಟ್ರೇಲಿಯಾ, ಅಮೆರಿಕದ ಮಿಷಿಗನ್, ದಕ್ಷಿಣ ಆಫ್ರಿಕಾ ಎಂದು ಚದುರಿಹೋದರು. ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಿಂದ ಕೋಲಾರದ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ ಮೈಸೂರು ಮೈನ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಿಗೂ ಅದೇ ಜನ ಬಂದರು. ನಿಮ್ಮ ಮನೆಯ ಕತೆ ಈ ಮಟ್ಟಿಗೆ ನಂಬುವಂಥದ್ದೇ. ಆದರೆ ‘ಬಂದವರು ಮತ್ತೆ ಹೋಗಲೇ ಇಲ್ಲ’ ಎಂಬ ಮಾತನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಇವರಲ್ಲಿ ಬಹಳ ಮಂದಿ ನಿಗದಿತ ವರ್ಷಗಳ ಕರಾರಿನ ಮೇಲೆ ಬಂದು, ಮುಗಿದ ಮೇಲೆ ಊರಿಗೆ ಹೋಗಿ, ಮತ್ತೆ ಹೊಸ ಕರಾರಿನ ಮೇಲೆ ಹಡಗು ಹತ್ತುತ್ತಿದ್ದರು.

ಇನ್ನು 1901ರ ಆ ನಮೂದಿಗೆ ಬರುತ್ತೇನೆ. ಬ್ರಿಟನ್ನಿನ ಜನಗಣತಿಯಲ್ಲಿ ಹೆಸರುಗಳು ಉಳಿದಿವೆ, 1841ರಿಂದ 1921ರವರೆಗಿನ ಇಂಗ್ಲೆಂಡ್ ಮತ್ತು ವೇಲ್ಸ್‌ನ ಗಣತಿಗಳನ್ನು ಯಾರು ಬೇಕಾದರೂ ನೋಡಬಹುದು. ಆದರೆ ಅದು ಒಂದೇ ರಾತ್ರಿಯ ಲೆಕ್ಕ. 1901ರ ಮಾರ್ಚ್ 31ರ ರಾತ್ರಿ ಆ ಮನೆಯಲ್ಲಿ ಮಲಗಿದ್ದವರು ಯಾರು ಎಂಬುದಷ್ಟೇ ಅದರ ಪ್ರಶ್ನೆ. ಕ್ಯಾಂಬೋರ್ನ್‌ನ ಆ ಗಂಡಸಿನ ಹೆಸರು ಹಾಳೆಯಲ್ಲಿದೆ ಎಂದರೆ ಆ ರಾತ್ರಿ ಅವರು ಅಲ್ಲಿದ್ದರು, ಕೋಲಾರದಲ್ಲಿರಲಿಲ್ಲ. ವಿದೇಶದಲ್ಲಿದ್ದ ಗಂಡಂದಿರ ಮನೆಗಳು ಆ ಹಾಳೆಗಳಲ್ಲಿ ಬೇರೆಯೇ ರೀತಿಯಲ್ಲಿ ಕಾಣಿಸುತ್ತವೆ. ‘ಯಜಮಾನ’ ಎಂಬ ಸಾಲೇ ಇರುವುದಿಲ್ಲ, ಮೊದಲ ಸಾಲಿನಲ್ಲಿಯೇ ‘ಹೆಂಡತಿ’ ಎಂದಿರುತ್ತದೆ, ಕೆಲವು ಕಡೆ ಕಸುಬಿನ ಕಾಲಂನಲ್ಲಿ ಗಂಡ ಪರದೇಶದಲ್ಲಿದ್ದಾನೆ ಎಂದು ಗಣತಿದಾರ ತಾನಾಗಿಯೇ ಬರೆದಿರುತ್ತಾನೆ. ಕ್ಯಾಂಬೋರ್ನ್, ರೆಡ್ರುತ್, ಗ್ವೆನ್ನಾಪ್ ಕಡೆಯ ಹಾಳೆಗಳನ್ನು ತಿರುವಿದಾಗ ಹೀಗೆ ಗಂಡಸಿಲ್ಲದ ಮನೆಗಳು ಬೀದಿಯುದ್ದಕ್ಕೂ ಸಿಗುವುದನ್ನು ಕಂಡು ನಾನು ಎಷ್ಟೋ ಸಲ ಓದುವುದನ್ನು ನಿಲ್ಲಿಸಿ ಕುಳಿತಿದ್ದೇನೆ. ಆ ಖಾಲಿ ಸಾಲುಗಳ ಗಂಡಸರಲ್ಲಿ ಕೆಲವರು ನಮ್ಮ ಕೋಲಾರದ ನೆಲದೊಳಗೆ ದುಡಿಯುತ್ತಿದ್ದವರೇ.

ನೀವು ನೋಡಿರುವುದು ಸೂಚಿಯನ್ನು, ಮೂಲ ಹಾಳೆಯ ಚಿತ್ರವನ್ನಲ್ಲ. ಸೂಚಿ ಎಂದರೆ ಯಾರೋ ಹಳೆಯ ಕೈಬರಹವನ್ನು ಓದಿ ಟೈಪು ಮಾಡಿದ್ದು. ಹುಟ್ಟಿದ ಊರು, ಸಂಬಂಧ, ವಯಸ್ಸು ಮೂರರಲ್ಲಿಯೂ ತಪ್ಪು ನುಸುಳುತ್ತದೆ. 1901ರ ಮೂಲ ಹಾಳೆ ಕೂಡ ಗಣತಿದಾರ ಮನೆಯವರ ಚೀಟಿಯಿಂದ ತನ್ನ ಪುಸ್ತಕಕ್ಕೆ ಇಳಿಸಿಕೊಂಡ ನಕಲೇ. ಆದ್ದರಿಂದ ಚಿತ್ರವನ್ನು ತೆರೆದು ನೋಡಿ, ಮೂವರು ಮಕ್ಕಳ ಹೆಸರು ಮತ್ತು ಹುಟ್ಟಿದ ಸ್ಥಳಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ನಿಮ್ಮ ಮುತ್ತಜ್ಜನನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಈ ಕ್ಯಾಂಬೋರ್ನ್ ಮನುಷ್ಯನನ್ನು ಅವನ ಪಾಡಿಗೆ ಮುಂದಕ್ಕೆ ಹಿಂಬಾಲಿಸಿ. ವಂಶಾವಳಿ ಹುಡುಕುವ ನಮ್ಮ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಹೆಚ್ಚಿನವರು ಮಾಡದೇ ಬಿಡುವುದೂ ಇದನ್ನೇ. 1911ರ ಏಪ್ರಿಲ್ 2ರ ಗಣತಿಯಲ್ಲಿ ಅವನು ಹೆಂಡತಿ ಮಕ್ಕಳೊಂದಿಗೆ ಜೀವಂತವಾಗಿ ಸಿಕ್ಕಿದರೆ, 1907ರಲ್ಲಿ ಕೆಜಿಎಫ್‌ನಲ್ಲಿ ಮಣ್ಣಾದವರು ಅವನಲ್ಲ. ನಿಮ್ಮ ಸಂಕಟ ಅಲ್ಲಿಗೇ ಮುಗಿಯುತ್ತದೆ.

1911ರ ಹಾಳೆಗೆ ಇನ್ನೊಂದು ಗುಣವಿದೆ. ಆ ವರ್ಷ ಮನೆಯವರೇ ತಮ್ಮ ಕೈಯಾರೆ ತುಂಬಿದ ಹಾಳೆಗಳು ಉಳಿದಿವೆ, ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ಬದುಕಿದ್ದಾರೆ ಎಂಬ ಪ್ರಶ್ನೆಗಳೂ ಅದರಲ್ಲಿವೆ. ಗಂಡ ಬದುಕಿರುವ ಹೆಂಗಸರು ಮಾತ್ರ ಇದನ್ನು ತುಂಬಬೇಕಿತ್ತು. ಆದರೂ ಬಹಳಷ್ಟು ವಿಧವೆಯರು ತುಂಬಿದ್ದಾರೆ, ಕಚೇರಿಯವರು ಅದರ ಮೇಲೆ ಗೀಟು ಎಳೆದಿದ್ದಾರೆ, ಗೀಟಿನ ಕೆಳಗಿನ ಅಂಕಿ ಮಾತ್ರ ಇವತ್ತಿಗೂ ಓದಲು ಬರುತ್ತದೆ. ಕ್ಯಾಂಬೋರ್ನ್‌ನ ಆ ಹೆಂಗಸು 1911ರಲ್ಲಿ ‘ವಿಧವೆ’ ಎಂದು ಸಿಕ್ಕಿದರೆ, ಗಂಡ ಎಲ್ಲಿ ತೀರಿಕೊಂಡ ಎಂದು ಹುಡುಕಬೇಕು. ಕ್ಯಾಂಬೋರ್ನ್ ಪ್ಯಾರಿಷ್‌ನ ಸಮಾಧಿ ರಿಜಿಸ್ಟರಿನಲ್ಲಿ 1901ರಿಂದ 1911ರ ನಡುವೆ ಅವನ ಹೆಸರಿದ್ದರೆ ಆಗಲೂ ಅವನು ನಿಮ್ಮವರಲ್ಲ. ಅಲ್ಲಿ ಇಲ್ಲದಿದ್ದರೆ ಇಂಗ್ಲೆಂಡಿನ ಉಯಿಲು ದಾಖಲೆಗಳ ವಾರ್ಷಿಕ ಸೂಚಿ ನೋಡಿ. 1858ರಿಂದ ಇರುವ ಈ ಸೂಚಿಯಲ್ಲಿ, ಊರಿನಲ್ಲಿ ಆಸ್ತಿ ಬಿಟ್ಟು ಪರದೇಶದಲ್ಲಿ ತೀರಿಕೊಂಡವರ ಹೆಸರು, ತೀರಿಕೊಂಡ ಸ್ಥಳ ಮತ್ತು ಆಸ್ತಿಯ ಹೊಣೆ ಹೊತ್ತವರ ಹೆಸರು ಇರುತ್ತದೆ. ಹೆಂಗಸು ‘ವಿವಾಹಿತೆ’ ಎಂದೇ ಇದ್ದು ಗಂಡ ಮನೆಯಲ್ಲಿರದಿದ್ದರೆ, ಅವನು ಮೈಸೂರಿನಲ್ಲಿಯೇ ಇದ್ದ ಎಂದು ಹಾರಿಬಿಡಬೇಡಿ, ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನಲ್ಲಿಯೂ ಇರಬಹುದು.

ಈಗ ನಿಮ್ಮ ಫೋಟೊ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ, ಏಕೆಂದರೆ ಇಡೀ ಪ್ರಶ್ನೆಯ ಗಂಟು ಅಲ್ಲಿಯೇ ಸಡಿಲವಾಗಬಹುದು ಎಂದು ನನಗನಿಸಿದೆ. ಕಲ್ಲಿನ ನಾಲ್ಕನೇ ಸಾಲು ‘ನೇಟಿವ್ ಆಫ್’ ಎಂದು ಶುರುವಾಗುತ್ತದೆ, ಅಂದರೆ ಇಂಥ ಊರಿನವರು ಎಂದು. ಊರಿನ ಹೆಸರಿನ ಮೊದಲ ಅಕ್ಷರ ಇಂಗ್ಲಿಷಿನ ‘ಸಿ’, ಕೊನೆಯ ಎರಡು ಅಕ್ಷರ ‘ಎನ್’ ಮತ್ತು ‘ಇ’. ನಡುವಿನ ಭಾಗ ಚಕ್ಕೆ ಎದ್ದು ಹೋಗಿದೆ. ನೀವು ಅದನ್ನು ಕ್ಯಾಂಬೋರ್ನ್ ಎಂದು ಓದಿಕೊಂಡಿರಿ, ಆ ಓದಿನ ಬೆನ್ನು ಹಿಡಿದೇ ಜನಗಣತಿಯಲ್ಲಿ ಕ್ಯಾಂಬೋರ್ನ್‌ನವರನ್ನು ಹುಡುಕಿದಿರಿ. ಆದರೆ ಕಾರ್ನ್‌ವಾಲ್‌ನಲ್ಲಿಯೇ ಹೆಲ್‌ಫರ್ಡ್ ನದಿಯ ಕಡೆ ಕಾನ್‌ಸ್ಟಂಟೈನ್ ಎಂಬ ಇನ್ನೊಂದು ಪ್ಯಾರಿಷ್ ಇದೆ, ಗ್ರಾನೈಟ್ ಕಲ್ಲುಕೋರೆಗಳಿಗೆ ಹೆಸರಾದದ್ದು. ಇಂಗ್ಲಿಷ್ ಬರಹದಲ್ಲಿ ಅದೂ ‘ಸಿ’ಯಿಂದ ಶುರುವಾಗಿ ‘ಎನ್’, ‘ಇ’ಯಲ್ಲಿ ಮುಗಿಯುತ್ತದೆ. ಮೊದಲ ಅಕ್ಷರಕ್ಕೂ ಕೊನೆಯ ಎರಡಕ್ಕೂ ನಡುವೆ ಕ್ಯಾಂಬೋರ್ನ್‌ಗೆ ಐದು ಅಕ್ಷರ ಬೇಕು, ಕಾನ್‌ಸ್ಟಂಟೈನ್‌ಗೆ ಎಂಟು ಬೇಕು. ಅದೇ ಸಾಲಿನ ‘ನೇಟಿವ್ ಆಫ್’ ಎಂಬ ಎರಡು ಪದಗಳಲ್ಲಿಯೂ ಇಂಗ್ಲಿಷಿನ ಎಂಟು ಅಕ್ಷರಗಳೇ ಇರುವುದರಿಂದ ಅಳತೆಗೋಲು ಕಲ್ಲಿನ ಮೇಲೆಯೇ ಸಿಕ್ಕಿತು. ಫೋಟೊವನ್ನು ದೊಡ್ಡದಾಗಿ ಮುದ್ರಿಸಿ ಪಟ್ಟಿಯಿಟ್ಟು ಅಳೆದೆ. ಚಕ್ಕೆ ಎದ್ದ ಜಾಗವು ಆ ಎಂಟು ಅಕ್ಷರಗಳು ಹಿಡಿದಿರುವ ಜಾಗಕ್ಕಿಂತ ಸ್ವಲ್ಪವೇ ಕಡಿಮೆಯಿದೆ. ಐದು ಅಕ್ಷರಕ್ಕೆ ಅದು ಬಹಳ ಹೆಚ್ಚಾಯಿತು.

ಇದನ್ನೇ ಕೊನೆಯ ಮಾತೆಂದು ಹಿಡಿಯಬೇಡಿ. ಫೋಟೊ ಪಕ್ಕದಿಂದ ತೆಗೆದದ್ದು, ಹಾಗೆ ತೆಗೆದಾಗ ಅಳತೆ ಓರೆಯಾಗುತ್ತದೆ. ಇಂಗ್ಲಿಷಿನ ‘ಎಂ’ ಅಗಲ, ‘ಐ’ ಕಿರಿದು. ಕಲ್ಲು ಕೆತ್ತುವವರು ಜಾಗ ಉಳಿದರೆ ಅಕ್ಷರಗಳನ್ನು ಹರಡುವುದೂ ಉಂಟು. ಇನ್ನೊಮ್ಮೆ ಕೆಜಿಎಫ್‌ಗೆ ಹೋಗುವುದಾದರೆ ಬೆಳಗ್ಗೆ ಬೇಗ ಇಲ್ಲವೇ ಸಂಜೆ ಹೋಗಿ, ಬಿಸಿಲು ಕಲ್ಲಿನ ಮೇಲೆ ಅಡ್ಡಡ್ಡ ಬೀಳುವ ಹೊತ್ತಿನಲ್ಲಿ ಕಲ್ಲಿಗೆ ಎದುರಾಗಿ ನಿಂತು, ಒಂದು ಟೇಪನ್ನು ಸಾಲಿನ ಕೆಳಗೆ ಹಿಡಿಸಿ ಫೋಟೊ ತೆಗೆಯಿರಿ. ಬಿಸಿಲು ನೇರವಾಗಿದ್ದರೆ ಸವೆದ ಅಕ್ಷರಗಳು ಕಾಣುವುದಿಲ್ಲ, ಆಗ ಒಂದು ಕನ್ನಡಿಯಿಂದ ಬೆಳಕನ್ನು ಪಕ್ಕದಿಂದ ಹಾಯಿಸಿದರೆ ಅಕ್ಷರದ ಅಂಚುಗಳು ನೆರಳು ಕಟ್ಟಿ ಎದ್ದು ಬರುತ್ತವೆ. ಸೀಮೆಸುಣ್ಣ ಉಜ್ಜುವುದು, ತಂತಿ ಬ್ರಷ್ಷಿನಿಂದ ತಿಕ್ಕುವುದು, ಆ್ಯಸಿಡ್ ಹಾಕಿ ತೊಳೆಯುವುದು ಖಂಡಿತ ಬೇಡ. ಹೀಗೆ ‘ಚೊಕ್ಕಟ’ ಮಾಡಲು ಹೋಗಿ ಉಳಿದಿದ್ದ ಅಕ್ಷರಗಳನ್ನೂ ಕಳೆದುಕೊಂಡ ಕಲ್ಲುಗಳನ್ನು ಬೆಂಗಳೂರಿನ ಸ್ಮಶಾನಗಳಲ್ಲಿಯೇ ನೋಡಿದ್ದೇನೆ. ಇನ್ನೊಂದು ಎಚ್ಚರಿಕೆಯೂ ಬೇಕು. ಕಲ್ಲು ನೆಟ್ಟವರು ಹೆಚ್ಚಾಗಿ ಜೊತೆ ಕೆಲಸಗಾರರು, ವಯಸ್ಸು ಅವರಿಗೆ ತಿಳಿದಷ್ಟು. ಕಾರ್ನ್‌ವಾಲ್‌ನ ಚರ್ಚ್ ಅಂಗಳಗಳಲ್ಲಿ ಪರದೇಶದಲ್ಲಿ ತೀರಿಕೊಂಡವರ ಹೆಸರನ್ನೂ ಮನೆಯವರ ಕಲ್ಲಿನಲ್ಲಿ ಕೆತ್ತುವ ವಾಡಿಕೆಯಿತ್ತು, ದೇಹ ಅಲ್ಲಿರುವುದಿಲ್ಲ. ನಿಮ್ಮ ಮುತ್ತಜ್ಜನ ಹೆಸರು ಅಲ್ಲಿನ ಯಾವುದೋ ಕುಟುಂಬದ ಕಲ್ಲಿನ ಮೇಲೂ ಇರಬಹುದು, ಇದ್ದರೆ ಅವರ ತಂದೆತಾಯಿಯ ಹೆಸರು ಅದರ ಪಕ್ಕದಲ್ಲಿಯೇ ಸಿಗುತ್ತದೆ.

ಕಲ್ಲಿಗಿಂತ ಗಟ್ಟಿಯಾದದ್ದು ರಿಜಿಸ್ಟರು. ಬ್ರಿಟಿಷರ ಕಾಲದಲ್ಲಿ ಚರ್ಚುಗಳು ತಮ್ಮ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ನಕಲನ್ನು ಪ್ರಾಂತ್ಯದ ಕೇಂದ್ರಕ್ಕೂ ಅಲ್ಲಿಂದ ಲಂಡನ್ನಿಗೂ ಕಳಿಸಬೇಕಿತ್ತು. ಆ ನಕಲುಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮೈಸೂರು ಸಂಸ್ಥಾನದ ಚರ್ಚುಗಳದ್ದನ್ನು ಮದ್ರಾಸ್ ವಿಭಾಗದಲ್ಲಿ, ಅಂದರೆ ‘ಎನ್/2’ ಎಂಬ ಸಾಲಿನಲ್ಲಿ ಹುಡುಕಬೇಕು. ಅದರ ಚಿತ್ರಗಳು ಫೈಂಡ್‌ಮೈಪಾಸ್ಟ್ ಎಂಬ ಚಂದಾ ತಾಣದಲ್ಲಿ ಸಿಗುತ್ತವೆ. ಸೂಚಿಯ ಬಹುಭಾಗ ಫ್ಯಾಮಿಲಿಸರ್ಚ್ ತಾಣದಲ್ಲಿಯೂ, ಫಿಬಿಸ್ ಎಂದು ಕರೆಯುವ ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘದ ತಾಣದಲ್ಲಿಯೂ ಉಚಿತವಾಗಿ ನೋಡಲು ಸಿಗುತ್ತದೆ. ಹುಡುಕುವಾಗ ಊರಿಗಾಂ, ಮಾರಿಕುಪ್ಪಂ, ಚಾಂಪಿಯನ್ ರೀಫ್, ಕೋಲಾರ ಎಂಬ ನಾಲ್ಕೂ ಹೆಸರುಗಳನ್ನು ಅವುಗಳ ಬೇರೆ ಬೇರೆ ಇಂಗ್ಲಿಷ್ ಕಾಗುಣಿತಗಳಲ್ಲಿ ಹಾಕಿ ನೋಡಿ. ಊರಿಗಾಂ ಒಂದನ್ನೇ ನಾಲ್ಕೈದು ರೀತಿ ಬರೆದಿದ್ದಾರೆ.

ಇಲ್ಲಿ ಒಂದು ವಿಷಯ ನಿಮಗೆ ಅನುಕೂಲವಾಗಿದೆ. ಇಂಗ್ಲೆಂಡಿನ ಪ್ಯಾರಿಷ್ ಸಮಾಧಿ ರಿಜಿಸ್ಟರಿನಲ್ಲಿ ಹೆಸರು, ವಾಸಸ್ಥಳ, ಸಮಾಧಿಯ ದಿನ, ವಯಸ್ಸು, ಕ್ರಿಯೆ ನಡೆಸಿದ ಪಾದ್ರಿಯ ಸಹಿ ಇಷ್ಟೇ ಇರುತ್ತದೆ. ಭಾರತದ ನಕಲುಗಳಲ್ಲಿ ಇವುಗಳ ಜೊತೆಗೆ ತೀರಿಕೊಂಡ ದಿನ, ಕಸುಬು ಮತ್ತು ಸಾವಿನ ಕಾರಣವೂ ಇರುತ್ತದೆ. ಬಂಡೆ ಸಿಡಿತವನ್ನು ಆಗ ಕೆಜಿಎಫ್‌ನಲ್ಲಿ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಮನೆಯ ಕತೆ ನಿಜವಾಗಿದ್ದರೆ ಕಾರಣದ ಕಾಲಂನಲ್ಲಿ ಅಪಘಾತ, ತಲೆಬುರುಡೆ ಬಿರುಕು ಎಂಬಂಥ ಮಾತಿರುತ್ತದೆ. ‘ಎಂಟರಿಕ್ ಫೀವರ್’ ಎಂದಿದ್ದರೆ ಅದು ಟೈಫಾಯ್ಡ್. ‘ಥೈಸಿಸ್’ ಎಂದಿದ್ದರೆ ತುಸು ಎಚ್ಚರದಿಂದ ಓದಬೇಕು, ಏಕೆಂದರೆ ಕ್ಷಯಕ್ಕೂ ಬಂಡೆ ಕೊರೆಯುವ ಯಂತ್ರದ ಧೂಳಿನಿಂದ ಬರುವ ಗಣಿ ಕೆಮ್ಮಿಗೂ ಆಗ ಅದೊಂದೇ ಹೆಸರಿತ್ತು. 1904ರಲ್ಲಿ ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನ್ ಮತ್ತವರ ಸಂಗಡಿಗರು ಕಾರ್ನ್‌ವಾಲ್ ಗಣಿ ಕೆಲಸಗಾರರ ಆರೋಗ್ಯದ ಬಗ್ಗೆ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ಯಂತ್ರದಿಂದ ಬಂಡೆ ಕೊರೆದವರೇ ಹೆಚ್ಚಾಗಿ ಶ್ವಾಸಕೋಶದ ಕಾಯಿಲೆಯಿಂದ ಸಾಯುತ್ತಿದ್ದಾರೆಂದು ತೋರಿಸಿದ್ದಾರೆ. ಕಾಯಿಲೆಯಿಂದ ನವೆದು ಸತ್ತ ತಂದೆಯ ಬಗ್ಗೆ ಮಕ್ಕಳಿಗೆ ಅಪಘಾತದ ಕತೆ ಹೇಳಿದ ಮನೆಗಳನ್ನು ನಾನು ಕಂಡಿದ್ದೇನೆ, ಅದರ ಹಿಂದೆ ಪ್ರೀತಿಯೇ ಇತ್ತು.

ಆದರೆ ಲಂಡನ್ನಿಗೆ ಹೋದದ್ದು ನಕಲಿನ ನಕಲು, ಎಲ್ಲ ನಮೂದುಗಳೂ ಅಲ್ಲಿಗೆ ತಲುಪಿಲ್ಲ. ಕ್ರೈಸ್ತ ಪಂಥಗಳಲ್ಲಿ ಆಂಗ್ಲಿಕನ್ ಸಭೆಯವರದ್ದು ಹೆಚ್ಚು ಪೂರ್ಣವಾಗಿದೆ, ಮೆಥಡಿಸ್ಟರದ್ದೂ ಕ್ಯಾಥೊಲಿಕರದ್ದೂ ಅಷ್ಟಿಲ್ಲ. ಕಾರ್ನ್‌ವಾಲ್ ಗಣಿ ಜನರಲ್ಲಿ ಮೆಥಡಿಸ್ಟರೇ ಹೆಚ್ಚು ಎಂಬುದನ್ನು ನೆನಪಿಡಿ. ಅಲ್ಲಿ ಸಿಗದಿದ್ದರೆ ನಿರಾಶರಾಗದೆ ಕೆಜಿಎಫ್‌ನ ಚರ್ಚುಗಳಲ್ಲಿಯೇ ಮೂಲ ರಿಜಿಸ್ಟರು ಕೇಳಬೇಕು. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ದಕ್ಷಿಣ ಭಾರತ ಸಭೆಯಾಗಿ, ಅಂದರೆ ಸಿಎಸ್‌ಐ ಆಗಿ ಒಂದಾದವು, ಆದ್ದರಿಂದ ಆ ಎರಡೂ ಕಡೆಯ ಹಳೆಯ ಪುಸ್ತಕಗಳಿಗಾಗಿ ಸಿಎಸ್‌ಐ ಸಭಾಪಾಲಕರನ್ನೇ ವಿಚಾರಿಸಬೇಕು. ಮುಂಚಿತವಾಗಿ ಪತ್ರ ಬರೆದು, ಹೆಸರು ಮತ್ತು ವರ್ಷ ಸ್ಪಷ್ಟವಾಗಿ ತಿಳಿಸಿ, ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಪುಸ್ತಕವನ್ನು ನೀವೇ ತಿರುವಲು ಒತ್ತಾಯಿಸಬೇಡಿ, ನೂರಿಪ್ಪತ್ತು ವರ್ಷದ ಕಾಗದ ಮಡಚಿದ ಕಡೆಯೇ ಮುರಿಯುತ್ತದೆ.

ನೀವು ಹಿಡಿದ ದಾರಿಯಲ್ಲಿ ನನಗೆ ಕಂಡ ಒಂದೇ ದೋಷವೆಂದರೆ, ಇಲ್ಲಿನ ರಿಜಿಸ್ಟರುಗಳನ್ನು ನೋಡುವ ಮೊದಲೇ ಅಲ್ಲಿನ ಜನಗಣತಿಗೆ ಹಾರಿದ್ದು. ಗಣತಿಯ ಒಂದು ರಾತ್ರಿಯನ್ನೂ ಸಮಾಧಿಯ ಒಂದು ದಿನವನ್ನೂ ಸೇರಿಸಿ ಹೊಲಿಯಲು ನಡುವೆ ಮೂರನೆಯ ಕಾಗದವೊಂದು ಬೇಕು, ಅದು ಮದುವೆಯ ನಮೂದು. ನಿಮ್ಮ ಅಜ್ಜಿ 1903ರಲ್ಲಿ ಹುಟ್ಟಿದ್ದರಿಂದ ಮೊದಲು ಅವರ ದೀಕ್ಷಾಸ್ನಾನದ ನಮೂದು ಹುಡುಕಿ, ಅದರಲ್ಲಿ ತಂದೆತಾಯಿಯ ಹೆಸರೂ ತಂದೆಯ ಕಸುಬೂ ಇರುತ್ತದೆ. ಅಲ್ಲಿಂದ ಹಿಂದಕ್ಕೆ ಮದುವೆಯ ನಮೂದಿಗೆ ಹೋಗಿ. ಮದುವೆಯ ನಮೂದಿನಲ್ಲಿ ಎರಡು ಕಾಲಂಗಳು ನಿಮಗೆ ಮುಖ್ಯ. ಒಂದು, ವರನು ಅವಿವಾಹಿತನೇ ವಿಧುರನೇ ಎಂಬುದು. ಇನ್ನೊಂದು, ವರನ ತಂದೆಯ ಹೆಸರು. ಆ ತಂದೆಯ ಹೆಸರೇ ಕೋಲಾರದಿಂದ ಕಾರ್ನ್‌ವಾಲ್‌ಗೆ ಸೇತುವೆ. ಅದನ್ನು ಹಿಡಿದು ಕಾರ್ನ್‌ವಾಲ್‌ನ ದೀಕ್ಷಾಸ್ನಾನ ನಮೂದುಗಳನ್ನು ನೋಡಬೇಕು. ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಎಂಬ ಸ್ವಯಂಸೇವಕರ ದತ್ತಾಂಶ ಉಚಿತವಾಗಿದೆ, ಮೂಲ ಪುಸ್ತಕಗಳ ವಿಷಯಕ್ಕೆ ರೆಡ್ರುತ್‌ನ ಕ್ರೆಸೆನ್ ಕೆರ್ನೋ ಪತ್ರಾಗಾರವನ್ನು ವಿಚಾರಿಸಬಹುದು. ಆಮೇಲೆ 1871, 1881ರ ಗಣತಿಗಳಲ್ಲಿ ಅದೇ ತಂದೆಯ ಮನೆಯಲ್ಲಿ ಬೆಳೆಯುತ್ತಿರುವ ಹುಡುಗನಾಗಿ ಅವರನ್ನು ಕಾಣಬಹುದು. ಹೆಸರು ಮತ್ತು ವಯಸ್ಸನ್ನಷ್ಟೇ ನಂಬಿ ಇಬ್ಬರನ್ನು ಒಬ್ಬರೆಂದು ಜೋಡಿಸಿದ ತಪ್ಪನ್ನು ಆರಂಭದ ವರ್ಷಗಳಲ್ಲಿ ನಾನೂ ಮಾಡಿದ್ದೇನೆ. ಒಂದು ತೋಟದ ಮಾಲೀಕರ ಕುಟುಂಬಕ್ಕೆ ಕೊಟ್ಟ ವಂಶಾವಳಿಯನ್ನು ಎರಡು ವರ್ಷದ ನಂತರ ಮದುವೆಯ ನಮೂದು ಸಿಕ್ಕಿದಾಗ ಹಿಂದಕ್ಕೆ ಪಡೆಯಬೇಕಾಯಿತು. ಆ ಹೊತ್ತಿಗೆ ಅವರು ಬೇರೆಯವರ ಸಮಾಧಿಗೆ ಹೂವಿಟ್ಟು ಬಂದಿದ್ದರು. ಆ ದಿನದಿಂದ ತಂದೆಯ ಹೆಸರು ಸಿ‌ಗದೆ ನಾನು ಯಾರನ್ನೂ ಯಾರೊಂದಿಗೂ ಜೋಡಿಸುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಇಬ್ಬರೂ ಒಬ್ಬರೇ ಎಂದು ತೀರ್ಮಾನವಾದರೆ? ಆಗಲೂ ಎರಡು ಸಾಧ್ಯತೆಗಳಿವೆ. ಕ್ಯಾಂಬೋರ್ನ್‌ನ ಹೆಂಡತಿ 1901ರ ನಂತರ ತೀರಿಕೊಂಡು, ಅವರು ವಿಧುರರಾಗಿ ಇಲ್ಲಿಗೆ ಬಂದು ಮದುವೆಯಾಗಿರಬಹುದು. 1903ರೊಳಗೆ ಇವೆಲ್ಲ ಆಗಬೇಕಾದ್ದರಿಂದ ಕಾಲ ಇಕ್ಕಟ್ಟಾದರೂ ಅಸಾಧ್ಯವಲ್ಲ, 1901ರಿಂದ 1903ರ ನಡುವಿನ ಕ್ಯಾಂಬೋರ್ನ್ ಸಮಾಧಿ ನಮೂದುಗಳಲ್ಲಿ ಆ ಹೆಂಗಸಿನ ಹೆಸರಿದೆಯೇ ಎಂದು ನೋಡಿದರೆ ತಿಳಿಯುತ್ತದೆ. ಇಲ್ಲವೇ ಎರಡು ಸಂಸಾರಗಳಿದ್ದಿರಬಹುದು. ಹಾಗೆ ಆದದ್ದುಂಟು, ಮುಚ್ಚಿಡುವುದಿಲ್ಲ. ಅಂಥ ಸಂದರ್ಭದಲ್ಲಿಯೂ ಇಬ್ಬರು ಹೆಂಗಸರಿಗೂ ಇನ್ನೊಬ್ಬರ ವಿಷಯ ತಿಳಿದಿರಲಿಲ್ಲ ಎಂಬುದೇ ನಾನು ಕಂಡ ಕಾಗದಗಳು ಹೆಚ್ಚಾಗಿ ಹೇಳಿರುವುದು. ಮುತ್ತಜ್ಜಿಯವರ ಗೌರವಕ್ಕೆ ಅದರಿಂದ ಕುಂದಿಲ್ಲ.

ಡಿಎನ್‌ಎ ಪರೀಕ್ಷೆಯ ಯೋಚನೆ ನಿಮಗೆ ಬರಬಹುದು. ಕ್ಯಾಂಬೋರ್ನ್ ಮನೆಯ ಮರಿಮೊಮ್ಮಗನೊಬ್ಬ ಆಗಲೇ ಪರೀಕ್ಷೆ ಮಾಡಿಸಿಕೊಂಡಿದ್ದು, ಆ ಮನುಷ್ಯ ನಿಮ್ಮ ಮುತ್ತಜ್ಜನೇ ಆಗಿದ್ದರೆ, ನಿಮಗೂ ಅವನಿಗೂ ಹೊಂದುವ ಅಂಶ ಸರಾಸರಿ ಶೇ 1.5ರಷ್ಟಿರುತ್ತದೆ, ನಿಮ್ಮ ತಾಯಿಯವರಿಗೂ ಅವನಿಗೂ ಶೇ 3ರಷ್ಟಿರುತ್ತದೆ. ಹಾಗಾಗಿ ಮಾಡಿಸುವುದಾದರೆ ತಾಯಿಯವರಿಗೆ ಮಾಡಿಸುವುದು ಲೇಸು. ಆದರೆ ಆ ಕಡೆಯವರು ಯಾರೂ ಮಾಡಿಸಿಕೊಂಡಿರದಿದ್ದರೆ ಫಲಿತಾಂಶದಿಂದ ಏನೂ ತಿಳಿಯುವುದಿಲ್ಲ. ನೀವು ಕೇಳದಿದ್ದ ಬೇರೆ ಯಾವುದೋ ಸಂಗತಿ ಹೊರಬೀಳುವ ಸಾಧ್ಯತೆಯೂ ಇದೆ, ಅದನ್ನು ಮತ್ತೆ ಒಳಗೆ ಹಾಕಲು ಬರುವುದಿಲ್ಲ. ಕಾಗದಗಳನ್ನು ಪೂರ್ತಿ ನೋಡದೆ ನಾನು ಆ ದಾರಿ ಹಿಡಿಯುವುದಿಲ್ಲ.

ತಾಯಿಯವರಿಗೆ ಏನು ಹೇಳಬೇಕೆಂದು ಕೇಳಿದ್ದೀರಿ. ಕ್ಯಾಂಬೋರ್ನ್‌ನ ವಿಷಯವನ್ನು ಸದ್ಯಕ್ಕೆ ಹೇಳಬೇಡಿ. ಗುಟ್ಟು ಮಾಡಿ ಎಂದು ಹೇಳುತ್ತಿಲ್ಲ, ಅದು ಇನ್ನೂ ಸಂಗತಿಯೇ ಆಗಿಲ್ಲ. 86ರ ವಯಸ್ಸಿನವರ ಮನಸ್ಸಿಗೆ ಹಾಕಿದ ಅನುಮಾನ ಆಮೇಲೆ ಸುಳ್ಳೆಂದು ತಿಳಿದರೂ ಪೂರ್ತಿ ಹೋಗುವುದಿಲ್ಲ. ಅದರ ಬದಲು ಅವರಿಂದ ಕೇಳಿಸಿಕೊಳ್ಳಬೇಕಾದದ್ದು ಬಹಳ ಇದೆ. ನಿಮ್ಮ ಉದ್ದದ ಪತ್ರದಲ್ಲಿ ಮುತ್ತಜ್ಜಿಯವರ ಬಗ್ಗೆ ಇರುವುದು ಒಂದೇ ಒಂದು ವಾಕ್ಯ, ಅವರು ಕೆಜಿಎಫ್‌ನವರೇ ಎಂದು. ಮುತ್ತಜ್ಜನಿಗಾದರೆ ಎರಡು ದೇಶಗಳ ಪುಸ್ತಕಗಳಿವೆ. ಮುತ್ತಜ್ಜಿಯವರಂಥ ಹೆಂಗಸರು ದಾಖಲೆಗಳಲ್ಲಿ ಎಷ್ಟೋ ಸಲ ಮನೆತನದ ಹೆಸರೂ ಇಲ್ಲದೆ ಬರೀ ‘ಮೇರಿ’ ಎಂದು ಉಳಿದಿರುತ್ತಾರೆ, ಅವರ ಅಣ್ಣತಮ್ಮಂದಿರು ಅದೇ ಗಣಿಯಲ್ಲಿ ದುಡಿದು ಕಲ್ಲೂ ಇಲ್ಲದ ಗುಂಡಿಗಳಲ್ಲಿ ಮಲಗಿರುತ್ತಾರೆ. ಅವರನ್ನು ಹುಡುಕುವುದು ಮುತ್ತಜ್ಜನನ್ನು ಹುಡುಕುವುದಕ್ಕಿಂತ ಕಷ್ಟ. ಅದಕ್ಕೆ ಬೇಕಾದ ಸುಳಿವು ಇವತ್ತು ನಿಮ್ಮ ತಾಯಿಯವರೊಬ್ಬರಲ್ಲಿ ಮಾತ್ರ ಇರುವ ಸಂಭವವಿದೆ. ಮುತ್ತಜ್ಜಿಯವರು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು, ಯಾವ ಚರ್ಚಿಗೆ ಹೋಗುತ್ತಿದ್ದರು, ಹಬ್ಬಕ್ಕೆ ಯಾರ ಮನೆಯಿಂದ ಬುತ್ತಿ ಬರುತ್ತಿತ್ತು, ಗಂಡ ಹೋದ ಮೇಲೆ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ ಯಾವ ಲೈನಿನ ಮನೆಯಲ್ಲಿದ್ದರು, ಯಾವ ಸ್ಮಶಾನದಲ್ಲಿ ಮಣ್ಣು ಮಾಡಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಚರ್ಚಿನ ಹೆಸರು ತಿಳಿದರೆ ಅವರ ಸಮಾಧಿಯ ನಮೂದು ಯಾವ ಪುಸ್ತಕದಲ್ಲಿದೆ ಎಂಬುದು ತಿಳಿಯುತ್ತದೆ. ಆ ಸಾಲಿನಲ್ಲಿ ‘ಇಂಥವರ ವಿಧವೆ’ ಎಂದು ಬರೆದಿದ್ದರೆ, ನೀವು ಕೇಳಿದ ಪ್ರಶ್ನೆಗೆ ಅಂದಿನ ಸಭೆ ಏನೆಂದು ತಿಳಿದಿತ್ತು ಎಂಬುದೂ ಅಲ್ಲಿ ಸಿಗುತ್ತದೆ.

ಮದುವೆಯ ನಮೂದು ಸಿಕ್ಕಿದರೆ ಅದರ ಚಿತ್ರವನ್ನೂ, ಟೇಪು ಹಿಡಿದು ತೆಗೆದ ಸಮಾಧಿ ಕಲ್ಲಿನ ಹೊಸ ಫೋಟೊವನ್ನೂ ಕಳಿಸಿ. ಕಾನ್‌ಸ್ಟಂಟೈನ್ ಪ್ಯಾರಿಷ್‌ನ 1857ರಿಂದ 1867ರವರೆಗಿನ ದೀಕ್ಷಾಸ್ನಾನ ನಮೂದುಗಳನ್ನು ಅಷ್ಟರೊಳಗೆ ನಾನು ನೋಡಿಟ್ಟಿರುತ್ತೇನೆ.